ಮೂವತ್ತನಾಲ್ಕನೇ ಚಾಲ್

ಲೈಟ್ ಇರ್ಲಿ, ಆರಿಸಬ್ಯಾಡ್ರಿ. ಹೇಳ್ತೀನಿ. ಆದ್ರ ನಡುವ ಯಾರರೆ ಹಲ್ಲು ಕಿಸದ್ರ ಎದ್ದು ಹೋಗ್ತೀನಿ ನೋಡ್ರಿ. ಇದು ನಮ್ಮ ಕಾಕಾನ ಮಗ ದತ್ತೂನ ಮ್ಯಾಲ ಬಂದದ್ದು. ಕಟ್ಟಿದ ಕತಿ ಅಲ್ಲ.

ದತ್ತು ಹುಮನಾಬಾದಿನ್ಯಾಗ ಔಷಧ ಕಂಪನಿಗೆ ಹೋಗ್ತಿದ್ದ. ಸೆಕೆಂಡ್ ಶಿಫ್ಟ್. ಕಲ್ಯಾಣತನಕ ಬಸ್ಸು, ಅಲ್ಲಿಂದ ಆಸಿಫನ ಆಟೋ, ಮುಡಬಿ ಹಾದ್ಯಾಗ ಇಳಿಯೂದ್ರಾಗ ಹನ್ನೆರಡು ಹೊಡೀತಿತ್ತು. ಆಮ್ಯಾಲ ಹೊಲದ ಹಾದಿ, ಕಾಲ್ನಡಿಗಿ. ನಡುವ ಒಂದು ಹಳೇ ಬಾವಿ. ಸುತ್ತ ಕಟ್ಟಿ ಇಲ್ಲ. ದಂಡಿಗೆ ಆಲದ ಗಿಡ, ಅದರ ಬೇರು ಒಳಗ ಇಳಿಬಿದ್ದಾವ.

ಜೋಡಿಗೆ ಹಣಮಂತ ಇರ್ತಿದ್ದ. ಒಂದೇ ಓಣಿ, ಒಂದೇ ಕಂಪನಿ. ಇಬ್ಬರಿಗೂ ಚೆಸ್ಸಿನ ಹುಚ್ಚು. ಯಾವನೋ ಗ್ರ್ಯಾಂಡ್‌ಮಾಸ್ಟರ್ ಆಡಿದ ಆಟ ಬಸ್ಸಿನ್ಯಾಗ ಮೊಬೈಲ್ ತಗದು ಬಾಯಿಪಾಠ ಮಾಡೂದು, ಆಮ್ಯಾಲ ಹಾದಿ ತುಂಬ ಬಾಯಿಲೇ ಒಂದೊಂದು ನಡಿ, ಒಂದೊಂದು ಚಾಲ್ ಬಿಚ್ಚೂದು. ಈ ಪ್ಯಾದಾ ಯಾಕ ಮುಂದ ಬಂತು? ಆ ಕುದುರಿ ಯಾಕ ಹಿಂದ ಸರೀತು? ಆಟೋ ಇಳದಲ್ಲಿ ಆಟ ಶುರು, ಬಾವಿ ಬರೂದ್ರಾಗ ಕಡೀ ಘಟ್ಟ. ಹಣಮಂತ ಭಾಳ ಶ್ಯಾಣ್ಯಾ. ದತ್ತೂಗ ಅದೇ ಹೊಟ್ಟಿಕಿಚ್ಚು.

ಒಂದು ರಾತ್ರಿ ಹಿಂಗಾತು. ಅವತ್ತಿನ ಆಟ ಹ್ಯಾಂಗಿತ್ತಂದ್ರ, ಕರೀ ರಾಜಾ ಶುರುವಿನಿಂದ ತನ್ನ ಮನಿ ಬಿಟ್ಟು ಅಳ್ಳಾಡಿದ್ದಿಲ್ಲ. ಕ್ಯಾಸ್ಲಿಂಗ್ ಇಲ್ಲ, ಏನಿಲ್ಲ. ನಡುವ ಎರಡೂ ವಜೀರ ಸತ್ವು. ಕಡಿಗೆ ಬಿಳೀ ಆನಿ ಎರಡೂ ಒಳಗ ನುಗ್ಗಿ ನಿಂತ್ವು, ಮುಂದಿನ ಚಾಲಿಗೆ ಮಾತ್, ರಾಜಾ ಖತಂ. ಕರಿಯಂವ ಮೂವತ್ಮೂರು ಚಾಲ್ ಆಡಿ, ಮೂವತ್ತನಾಲ್ಕನೇದು ಆಡದೇ ಸೋತೆ ಅಂತ ಎದ್ದು ಹೋಗಿದ್ದ.

"ಸತ್ತ ಬಿಡು," ಅಂದ ದತ್ತು.

"ಸತ್ತಿಲ್ಲೋ... ಒಂದು ಚಾಲ್ ಅದ."

"ಯಾವ್ದು?"

ಹಣಮಂತ ನಕ್ಕೋತ ಬಾವಿ ದಂಡಿಗೆ ಹಿಂದ ಹಿಂದ ಸರದ. ಜರ್ರ್ ಅಂತ ಮಣ್ಣು ಜಾರಿತು. ಕಣ್ಣು ಮುಚ್ಚಿ ತೆರಿಯೂದ್ರಾಗ ಬಾವಿ ಒಳಗ ಬೇರು ಹಿಡದು ಜೋತಾಡಾಕತ್ತಿದ್ದ.

"ದತ್ತ್ಯಾ, ಕೈ ಕೊಡೋ..."

ಈಗ ಕೇಳ್ರಿ, ಆ ಹರಾಮಖೋರ ಏನ್ ಮಾಡಿದ ಅಂತ. ನನ್ನ ತಮ್ಮ ಆದ್ರೂ ಹರಾಮಖೋರನೇ. ದಂಡಿಗೆ ಕುಕ್ಕರಗಾಲಿಲೇ ಕುಂತ. ಕೊಳ್ಳಾಗಿನ ಟವೆಲ್ ತಗದು ಇಷ್ಟೇ ಇಷ್ಟು ಕೆಳಗ ಬಿಟ್ಟ, ಕೈಗೆ ಎಟಕದಷ್ಟು. "ಮೊದಲ ಚಾಲ್ ಹೇಳು, ಆಮ್ಯಾಲ ಟವೆಲ್."

"ರಾಜಾ..." ಅಂದ ಹಣಮಂತ.

ಲಟಕ್. ಬೇರು ಮುರೀತು. ದುಬುಕ್... ಒಂದೇ ಸಲ.

ದತ್ತು ಮಂದೀನ್ನ ಕರೀಲಿಲ್ಲ. ಟವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡು ಮನಿಗೆ ಹೋಗಿ ಮಲಗಿದ. "ನಾ ಮುಂದ ಬಂದಿದ್ದೆ, ಅಂವ ಹಿಂದ ಉಳಿದಿದ್ದ" ಅಂತ ಮರುದಿನ ಹೆಣ ತಗದಾಗ ಎಲ್ಲಾರ ಮುಂದ ಅಂದ.

ಹಣಮಂತನ ದಿನಕರ್ಮ ಮುಗಿಸಿ ದತ್ತು ಹೊಳ್ಳಿ ಕೆಲಸಕ್ಕ ಹೋದ ಮೊದಲ ರಾತ್ರಿ, ಬಾವಿ ಹಂತೇಕ ಬಂದಾಗ... ಟಕ್. ಕಟಗೀ ಹಲಗಿ ಮ್ಯಾಲ ಕಾಯಿ ಇಟ್ಟ ಸಪ್ಪಳ. ಆಮ್ಯಾಲ ಪಿಸುಮಾತು, ಕರಿಯವನ ಮೊದಲನೇ ಚಾಲ್. ಮರುರಾತ್ರಿ ಎರಡನೇದು. ದತ್ತು ಹಾದಿ ಬದಲು ಮಾಡಿದ, ಜ್ವಾಳದ ಹೊಲದಾಗ ಟಕ್ ಅಂತು. ರಜಾ ಹಾಕಿ ಮನ್ಯಾಗ ಕುಂತ, ನೀರಿನ ಕೊಡದಾಗ ಗುಳುಗುಳು ಅಂದು ಅದೇ ದನಿ ಹನ್ನೊಂದನೇ ಚಾಲ್ ಹೇಳ್ತು. ಮೂವತ್ಮೂರು ಆದಮ್ಯಾಲ ಏನು ಕೇಳ್ತದ ಅಂತ ಅಂವಗ ಗೊತ್ತಿತ್ತು. ಉತ್ತರ ಇಲ್ಲಂದ್ರ ತನ್ನ ಗತಿ ಏನು ಅಂತನೂ ಗೊತ್ತಿತ್ತು.

ಮೊಬೈಲಿನ್ಯಾಗ ಆ ಆಟ ಇಟ್ಟು ದಿನಾ ಹುಡುಕಿದ. ಇಲ್ಲ, ಉಳಿಯೂ ಚಾಲ್ ಇಲ್ಲ ಅಂತಿತ್ತು ಮೊಬೈಲು. ಅನ್ನ ನೀರು ಸೇರಲಿಲ್ಲ, ಮಾರಿ ಸುಟ್ಟ ಬದನಿಕಾಯಿ ಆತು.

ಮೂವತ್ತನಾಲ್ಕನೇ ದಿನ ಮುಂಜಾನೆ ಹಣಮಂತನ ಅವ್ವ ಗಯಾಬಾಯಿ ಮನಿಗೆ ಹೋದ. ನಾಚಿಕಿ ಬಿಟ್ಟಂವ. ಪಾಪ ಆಕಿ, ಮಗನ ಗೆಳೆಯ ಬಂದ ಅಂತ ಕಣ್ಣೀರು ಒರಸಿಕೊಂಡು ರೊಟ್ಟಿ, ಪುಂಡಿಪಲ್ಯ ಹಾಕಿದಳು. ಇಂವ ತಿಂದ.

"ಮಾವಶಿ, ಹಣಮಂತಗ ಚೆಸ್ ಕಲಿಸಿದವರು ಯಾರು?"

"ಅವರ ಅಜ್ಜ ನೋಡಪ. ಹಳೇ ಶತರಂಜಿ. ಶಹ ಬೀಳೂತನ ರಾಜಾಗ ಒಂದೇ ಒಂದು ಸಲ ಕುದುರಿಹಂಗ ಎರಡೂವರಿ ಮನಿ, ನೆಟ್ಟಗ ಎರಡು ಅಡ್ಡ ಒಂದು, ಜಿಗಿಯೂ ಹಕ್ಕು ಅದ ಅಂತಿದ್ರು. ಈ ಇಂಗ್ಲೀಷ್ ಆಟದಾಗ ಅದು ಇಲ್ಲಂತ ನನ್ನ ಕೂಸು ಭಾಳ ಬ್ಯಾಸರ ಮಾಡ್ಕೋತಿತ್ತು."

ದತ್ತು ಅಲ್ಲೇ ಮೊಬೈಲ್ ತಗದ. ಆ ಆಟದಾಗ ಕರೀ ರಾಜಾಗ ಒಂದು ಶಹನೂ, ಚೆಕ್ ಅಂತಾರಲ್ಲ ಅದು, ಬಿದ್ದಿದ್ದಿಲ್ಲ. ಬೆರಳಿಟ್ಟು ಜಿಗಿಸಿದ. ಮೊಬೈಲ್ ಒಪ್ಪಲಿಲ್ಲ, ರಾಜಾ ಹೊಳ್ಳಿ ತನ್ನ ಮನಿಗೇ ಬಂದ. ಆದ್ರೂ ದತ್ತು ನಕ್ಕ. ಉಳಕೊಂಡೆ ಅನಿಸ್ತು ಅವಗ.

ಆ ರಾತ್ರಿ ಒಬ್ಬನೇ ಹೋಗಾಕ ಎದಿ ಸಾಲಲಿಲ್ಲ. ಆಟೋದಾಗ ಆಸಿಫನ ಮುಂದ ನಡದದ್ದೆಲ್ಲ ಕಕ್ಕಿದ, ಕೈ ಮುಗದು ಜೋಡಿ ಕರಕೊಂಡು ಹೋದ. ಆಸಿಫ್ ಬ್ಯಾಟ್ರಿ ಹಿಡದು ಹತ್ತು ಮಾರು ಹಿಂದ ನಿಂತ. ದತ್ತು ಆಲದ ಬೇರಿನ ಮ್ಯಾಲ ಮೊಬೈಲ್ ಇಟ್ಟ.

ಟಕ್.

"ಮೂವತ್ತನಾಲ್ಕು... ನಿನ್ನ ಚಾಲ್."

"ಕುದುರಿ ಜಿಗಿತ!" ದತ್ತು ಒದರಿದ. "ರಾಜಾ ಒಮ್ಮೆ ಕುದುರಿಹಂಗ ಜಿಗೀತಾನ! ಹೇಳಿದೆ ನೋಡಪಾ... ಬಿಡು ನನ್ನ!"

ಬಾವಿ ಒಳಗಿನ ಕಪ್ಪಿ ಸಪ್ಪಳನೂ ನಿಂತಿತ್ತು ಅಂತಾನ ಆಸಿಫ್. ಆಮ್ಯಾಲ ಭಾಳ ಸಾವಕಾಶ, ಪ್ರೀತೀಲೆ ಅಂದಂಗ...

"ಹೌದೋ. ಜಿಗಿ ಮತ್ತ."

ದಪ್. ದಪ್. ...ದಪ್.

ದುಬುಕ್.

ಆಸಿಫ್ ಬಾವಿಗೆ ಓಡಿ ಹೋಗಿ ಒಳಗ ಬ್ಯಾಟ್ರಿ ಬೆಳಕು ಬಿಟ್ಟ. ನೀರು ಆಗಲೇ ಸಮ ನಿಂತಿತ್ತು.

ಮುಂಜಾನೆ ಹೆಣ ತಗದ್ವಿ. ಹಸೀ ಮಣ್ಣಿನ್ಯಾಗ ಅವನ ಕಾಲು ಮೂಡಿದ್ವು. ಬಾವಿ ದಂಡಿಗುಂಟ ನೆಟ್ಟಗ ಎರಡು, ಆಮ್ಯಾಲ ಅಡ್ಡ ಒಂದು. ಅಂಜಿ ಓಡಿರಬೇಕು, ಕಾಲು ತಪ್ಪಿರಬೇಕು ಅಂದ್ರು ಮಂದಿ. ಇರಬಹುದು. ಅದಕ್ಕ ನಾ ಜಗಳ ಆಡಂಗಿಲ್ಲ.

ಆದ್ರ ಬೇರಿನ ಮ್ಯಾಲಿನ ಮೊಬೈಲ್ ನಾನೇ ಎತ್ತಿದ್ದು. ಆಟ ಹಾಂಗೇ ತೆರದಿತ್ತು. ಕರೀ ರಾಜಾ ತನ್ನ ಮನ್ಯಾಗ ಇದ್ದಿಲ್ಲ, ಎರಡೂವರಿ ಮನಿ ಆಚೆ ನಿಂತಿದ್ದ. ಆಮ್ಯಾಲ ನಾನೂ ಆಸಿಫನೂ ನಮ್ಮ ನಮ್ಮ ಮೊಬೈಲಿನ್ಯಾಗ ಎಷ್ಟೋ ಸಲ ಜಿಗಿಸಿ ನೋಡೀವಿ. ಹೊಳ್ಳಿ ಬರ್ತಾನ. ಅವತ್ತು ಮಾತ್ರ ನಿಂತಿದ್ದ. ಸುಳ್ಳಾದ್ರ ನನ್ನ ನಾಲಿಗಿ ಬಿದ್ದು ಹೋಗ್ಲಿ, ಈ ಕಣ್ಣಿಲೆ ನೋಡೀನಿ.