ಓದದೆ ಉಳಿದ ಹೆಸರು

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ನಮ್ಮ ವಿನ್ಸೆಂತಿ ಚಿಕ್ಕಪ್ಪ. ನಮ್ಮೂರು ಒಲ್ಶಿನಿಯ ಇಗರ್ಜಿಯಲ್ಲಿ ಗಂಟೆ ಹೊಡೆಯುವುದು, ಮೇಣದಬತ್ತಿ ಹಚ್ಚುವುದು, ಕೊನೆಗೆ ಬೀಗ ಹಾಕುವುದು ಮೂವತ್ತೆರಡು ವರ್ಷ ಅವರ ಕೆಲಸವಾಗಿತ್ತು. ಸುಳ್ಳು ಹೇಳುವ ಮನುಷ್ಯರಲ್ಲ. ಒಂದು ಚಳಿಗಾಲದ ರಾತ್ರಿ ನಮ್ಮ ಮನೆಯಲ್ಲಿ ಹೆಂಗಸರು ದಿಂಬಿಗೆಂದು ಬಾತಿನ ಗರಿ ಬಿಡಿಸುತ್ತ ಕೂತಿದ್ದಾಗ ಹೇಳಿದರು. ಗರಿ ಬಿಡಿಸುವ ಕಡೆ ಜೋರಾಗಿ ಮಾತಾಡುವಂತಿಲ್ಲ. ಒಬ್ಬರು ಸೀನಿದರೆ ಸಾಕು, ಅರ್ಧ ದಿಂಬು ಗಾಳಿಯ ಪಾಲು. ಆದ್ದರಿಂದ ಅವರು ಪಿಸುದನಿಯಲ್ಲೇ ಹೇಳಿದರು. ನೀವೂ ಹಾಗೆಯೇ ಕೇಳಿಸಿಕೊಳ್ಳಿ.

ಐವತ್ತೊಂದನೆಯ ಇಸವಿ, ನವೆಂಬರ್. ಸತ್ತವರ ತಿಂಗಳು. ನಮ್ಮಲ್ಲಿ ಪ್ರತಿ ಮನೆಯವರೂ ತೀರಿಕೊಂಡ ತಮ್ಮವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಅವನ್ನು ಒಂದೊಂದಾಗಿ ಓದುತ್ತಾರೆ. ಪ್ರತಿ ಹೆಸರಿಗೂ ನಾವೆಲ್ಲ, ಪ್ರಭುವೇ, ಇವರಿಗೆ ನಿತ್ಯ ವಿಶ್ರಾಂತಿಯನ್ನು ಕೊಡು, ಎನ್ನುತ್ತೇವೆ. ಹೆಸರು ಓದಿಸಿಕೊಳ್ಳದೆ ಉಳಿದವರಿಗೆ ದಾರಿ ಕಾಣುವುದಿಲ್ಲ ಎಂದು ನಮ್ಮ ಹಿರಿಯರು ನಂಬಿದ್ದರು. ನಾನೂ ನಂಬುತ್ತೇನೆ.

ಆ ವರ್ಷ ಹಿಂದಿನ ಬೆಂಚಿನಲ್ಲಿ ಹೊಸಬನೊಬ್ಬ ಬಂದು ಕೂರುತ್ತಿದ್ದ. ಪಟ್ಟಣದ ಕಚೇರಿಯವನು. ಯಾವ ಕಚೇರಿ ಎಂದು ಯಾರೂ ಕೇಳುತ್ತಿರಲಿಲ್ಲ. ಶಿಲುಬೆಯ ಗುರುತನ್ನು ಎಡಗೈಯಲ್ಲಿ ಹಾಕಿಕೊಳ್ಳುತ್ತಿದ್ದ, ಏಕೆಂದರೆ ಬಲಗೈಯಲ್ಲಿ ಪೆನ್ಸಿಲು ಇರುತ್ತಿತ್ತು. ಜರ್ಮನರ ವಿರುದ್ಧ ಕಾಡಿನಲ್ಲಿದ್ದು ಕಾದಿದ ಹುಡುಗರನ್ನು ಹೊಸ ಸರ್ಕಾರ ಹುಡುಕಿ ಹಿಡಿಯುತ್ತಿದ್ದ ಕಾಲ ಅದು. ಸತ್ತವನ ಹೆಸರನ್ನು ಯಾರು ಓದಿಸಿದರೆಂದು ಗೊತ್ತಾದರೆ, ಬದುಕಿರುವ ಜೊತೆಗಾರ ಸಿಗುತ್ತಾನಲ್ಲ...

ನಮ್ಮೂರಿನಲ್ಲಿ ಪೀಪಾಯಿ ಮಾಡುತ್ತಿದ್ದವನು ಬೊಗುಮಿಲ್ ಸ್ಟೆಲ್ಮಾಖ್. ಯುದ್ಧ ಮುಗಿದ ಮರುವರ್ಷ ಪೂರ್ವದ ಕಡೆಯಿಂದ ಬಂದವನು. ಊರು ಸುಟ್ಟುಹೋಯಿತು, ನನ್ನವರು ಯಾರೂ ಉಳಿದಿಲ್ಲ ಎಂದಿದ್ದ. ಗುರುತಿನ ಕಾಗದದಲ್ಲಿ ಕಸುಬು ಪೀಪಾಯಿ ಮಾಡುವುದು ಎಂದೇ ಬರೆದಿತ್ತು. ಆದರೂ ಅವನು ಮಾಡಿದ ಮೊದಲ ನಾಲ್ಕು ಪೀಪಾಯಿ ಸೋರಿದವು. ಹುಳಿ ಹಾಕಿದ ಎಲೆಕೋಸಿನ ಉಪ್ಪುನೀರು ನೆಲಮಾಳಿಗೆಗಳಲ್ಲೆಲ್ಲ ಹರಿಯಿತು.

"ನಿಮ್ಮ ಕಡೆ ಜರಡಿಗೆ ಪೀಪಾಯಿ ಅಂತಾರಾ, ಬೊಗುಮಿಲ್?" ಎಂದು ಹೆಂಗಸರು ಕೆಣಕುತ್ತಿದ್ದರು.

"ನಮ್ಮ ಕಡೆ ಕೋಸು ದಪ್ಪ ಅಕ್ಕ. ತೂತಲ್ಲಿ ಇಳೀತಿರ್ಲಿಲ್ಲ" ಎನ್ನುತ್ತಿದ್ದ.

ಆಮೇಲೆ ಕೈ ಕುದುರಿತು. ನಮ್ಮೂರಿನ ಅಪೊಲೊನ್ಯಾಳನ್ನು ಮದುವೆಯಾದ. ಹೆಣ್ಣು ಮಗುವಾಯಿತು. ಆ ನವೆಂಬರಿನಲ್ಲಿ ಮಗುವಿಗೆ ಎಂಟು ತಿಂಗಳು.

ಒಂದು ಸಂಜೆ ಚಿಕ್ಕಪ್ಪ ಬೀಗ ಹಾಕುವಷ್ಟರಲ್ಲಿ ಇವನು ಬಾಗಿಲ ಹೊರಗೆ ನಿಂತಿದ್ದ.

"ನಿನ್ನ ಜೊತೆ ಬರ್ತೀನಿ ಅಣ್ಣಾ."

"ಯಾಕೋ? ಹೆಂಡ್ತಿ ಬೈದ್ಲಾ?"

ಇಬ್ಬರೂ ಹೊರಟರು. ಕೆರೆ ಏರಿಯ ಮೇಲೆ ಏತದ ಬಾವಿಯೊಂದಿದೆ. ಗಾಳಿ ಇರಲಿಲ್ಲ. ಆದರೂ ಏತದ ಮರ ಕಿರ್ರ್... ಎಂದು ಬಾಗಿತು. ಆಳದಲ್ಲಿ ಬಕೆಟ್ಟು ನೀರಿಗೆ ಬಿದ್ದ ಸದ್ದು... ದುಡುಂ. ಬಾವಿಯ ಬಳಿ ಯಾರೂ ಇಲ್ಲ.

ಆಗ ಚಿಕ್ಕಪ್ಪನಿಗೆ ಹೆಜ್ಜೆಗಳು ಕೇಳಿಸಿದವು. ನಡೆಯುತ್ತಿದ್ದವರು ಇಬ್ಬರು. ಹೆಜ್ಜೆ ಮೂವರದು. ಮೂರನೆಯದು ಹಿಂದಿನಿಂದ ಬರುತ್ತಿತ್ತು. ಟಕ್... ಚಪ್. ಟಕ್... ಚಪ್. ಒಂದು ಕಾಲಿಗೆ ಬೂಟು. ಇನ್ನೊಂದು ಬರಿಗಾಲು, ಅದೂ ಒದ್ದೆ.

ಚಿಕ್ಕಪ್ಪ ತಿರುಗದೆಯೇ, "ಯೇಸುವಿಗೆ ಸ್ತೋತ್ರ" ಎಂದರು. ನಮ್ಮಲ್ಲಿ ದಾರಿಯಲ್ಲಿ ಎದುರಾದ ಯಾರಿಗಾದರೂ ಹಾಗೆ ಹೇಳಿದರೆ, "ಯುಗಯುಗಕ್ಕೂ" ಎಂದು ಮರುಮಾತು ಬರಬೇಕು.

ಹೆಜ್ಜೆ ನಿಂತಿತು. ಉಸಿರಿನಷ್ಟು ಸಣ್ಣ ದನಿ.

"ಇನ್ನೂ ಓದ್ಲಿಲ್ವಾ?"

ಬೊಗುಮಿಲ್ ಚಿಕ್ಕಪ್ಪನ ತೋಳು ಹಿಡಿದುಕೊಂಡ. ಮನೆ ಮುಟ್ಟುವವರೆಗೂ ಬಿಡಲಿಲ್ಲ. ತೋಳಿನ ಮೇಲೆ ಐದು ಬೆರಳಿನ ಗುರುತುಗಳೂ ನೀಲಿಗಟ್ಟಿದ್ದವಂತೆ.

ಮರುದಿನ ಬೆಳಗಿನ ಪೂಜೆಗೆ ಮೊದಲೇ ಬಂದ. ಮುಖ ಸುಣ್ಣದಂತಿತ್ತು.

"ಅಣ್ಣಾ, ರಾತ್ರಿ ಒಳಗೆ ಬಂದಿದ್ದ. ಹೊಸ್ತಿಲ ಮೇಲೆ ಒಂದು ಬೂಟಿನ ಗುರುತು. ತೊಟ್ಟಿಲ ಹತ್ರ ಬರಿಗಾಲಿನ ಗುರುತು. ನಾನು ಎದ್ದೇ ಇದ್ದೆ. ಮಗು ಮೇಲೆ ಬಗ್ಗಿ ಕೇಳ್ತಿದ್ದ..."

"ಏನಂತ?"

"'ಇದು ಯಾರ ಮನೆತನದ್ದು?' ಅಂತ."

ಚಿಕ್ಕಪ್ಪ ಅವನನ್ನು ಗಂಟೆಗೋಪುರದೊಳಗೆ ಕರೆದೊಯ್ದು ಬಾಗಿಲು ಹಾಕಿದರು. ಅಲ್ಲಿ ಅವನು ಬಾಯಿಬಿಟ್ಟ.

"ನಾನು ಸ್ಟೆಲ್ಮಾಖ್ ಅಲ್ಲ. ಬೊಗುಮಿಲ್ ನನ್ನ ಜೊತೆ ಕಾಡಲ್ಲಿದ್ದ. ಪೀಪಾಯಿ ಮಾಡೋನು ಅವನೇ. ಜರ್ಮನರು ಹಿಮ್ಮೆಟ್ಟಿದ ಬೇಸಿಗೇಲಿ ಗುಂಡು ತಗಲಿ ಜೌಗಿನಲ್ಲಿ ನನ್ನ ತೊಡೆ ಮೇಲೇ ಸತ್ತ. ನನ್ನ ಹೆಸರು ಆಗ್ಲೇ ಹೊಸ ಸರ್ಕಾರದವರ ಪಟ್ಟೀಲಿತ್ತು. ಅವನ ಹೆಸರು ಇರ್ಲಿಲ್ಲ. ಅವನ ಕಾಗದ ಎಡಗಾಲಿನ ಬೂಟಿನ ಒಳಹೊಲಿಗೇಲಿತ್ತು. ಬೂಟು ಎಳ್ಕೊಂಡೆ. ಮತ್ತೆ ತೊಡಿಸೋಣ ಅನ್ನೋಷ್ಟರಲ್ಲಿ ನಾಯಿ ಬೊಗಳಿದ್ವು. ಓಡಿದೆ. ಬೂಟು ಕೈಯಲ್ಲೇ ಉಳೀತು."

"ಈಗೆಲ್ಲಿದೆ ಅದು?"

"ಅಟ್ಟದ ಮೇಲೆ, ಸಣ್ಣ ಪೀಪಾಯೀಲಿ. ಮುಚ್ಚಳಕ್ಕೆ ಮೊಳೆ ಹೊಡೆದಿದೀನಿ. ಅವನಿಗೆ ಯಾರೂ ಇಲ್ಲ ಅಣ್ಣಾ. ಹೆಸರು ಓದಿಸೋನು ನಾನೊಬ್ಬನೇ. ಆ ಹೆಸರನ್ನ ನಾನೇ ಹೊದ್ದು ಕೂತಿದೀನಿ. ಹೇಗೆ ಓದಿಸ್ಲಿ?"

ಓದಿಸಿದರೆ ಹಿಂದಿನ ಬೆಂಚಿನ ಪೆನ್ಸಿಲಿಗೆ ಕೇಳಿಸುತ್ತದೆ. ಓದಿಸದಿದ್ದರೆ ಸತ್ತವನು ಮತ್ತೆ ತೊಟ್ಟಿಲ ಬಳಿ ಬರುತ್ತಾನೆ. ಚಿಕ್ಕಪ್ಪ ಒಂದು ಖಾಲಿ ಚೀಟಿ ತೆಗೆದರು.

"ಬೊಗುಮಿಲ್ ಅಂತಷ್ಟೇ ಬರೆಯೋಣ ಕಣೋ. ಉಳಿದದ್ದು ದೇವರಿಗೆ ಗೊತ್ತು."

"ದೇವರಿಗೆ ಗೊತ್ತು. ಅವನಿಗೆ ಗೊತ್ತಾಗ್ಬೇಕಲ್ಲ."

ಆದರೂ ಹಾಗೆಯೇ ಬರೆದರು. ಆ ಸಂಜೆ ಪಾದ್ರಿಗಳು ಓದಿದರು, ಬೊಗುಮಿಲ್. ಜನ ಪ್ರಾರ್ಥಿಸಿದರು. ಹಿಂದಿನ ಬೆಂಚಿನವನು ತಲೆ ಎತ್ತಲಿಲ್ಲ. ಇಬ್ಬರೂ ಮತ್ತೆ ಜೊತೆಯಾಗಿ ಮನೆಗೆ ಹೊರಟರು. ಬಾವಿಯ ಬಳಿ ಸದ್ದಿಲ್ಲ. ಏತ ಅಲುಗಲಿಲ್ಲ. ಚಿಕ್ಕಪ್ಪ ಉಸಿರುಬಿಟ್ಟು, "ನೋಡಿದ್ಯಾ..." ಎನ್ನುತ್ತಿದ್ದರು. ಕಿವಿಯ ಪಕ್ಕದಲ್ಲೇ ಬಂತು.

"ಯಾವ ಬೊಗುಮಿಲ್?"

ಆ ರಾತ್ರಿ ಮಗುವಿಗೆ ಜ್ವರ ಬಂತು. ಎರಡು ದಿನ ಇಳಿಯಲಿಲ್ಲ. ಮೂರನೆಯ ಸಂಜೆ ಮಗುವಿನ ಅಪ್ಪನೇ ಒಂದು ಚೀಟಿ ಬರೆದು ತಂದ. ಚಿಕ್ಕಪ್ಪ ಓದಿ ಬೆವರಿದರು.

"ಪೂರ್ತಿ ಬರೆದಿದ್ದೀಯಲ್ಲೋ."

"ಅರ್ಧ ಕೊಟ್ಟರೆ ಒಪ್ಪಲ್ಲ ಅವನು."

"ಯಾರಾದ್ರೂ ಕೇಳಿದ್ರೆ, ಪಾದ್ರಿಗಳಿಗೆ ಕಣ್ಣು ಮಂಜು, ತಪ್ಪು ಓದಿದ್ರು ಅಂದ್ಬಿಡು. ಊರೆಲ್ಲ ನಂಬುತ್ತೆ. ನಾನೂ ಹೌದು ಅಂತೀನಿ."

ಅವನು ಎರಡನೆಯ ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ಅಪೊಲೊನ್ಯಾ, ಮಡಿಲಲ್ಲಿ ಜ್ವರದ ಮಗು. ಪಾದ್ರಿಗಳು ಚೀಟಿಯನ್ನು ಮೇಣದಬತ್ತಿಯ ಹತ್ತಿರ ಹಿಡಿದು ನಿಧಾನವಾಗಿ ಓದಿದರು.

"ಬೊಗುಮಿಲ್ ಸ್ಟೆಲ್ಮಾಖ್."

ಎಲ್ಲ ತಲೆಗಳೂ ತಿರುಗಿದವು. ಯಾರೋ ಕಿಸಕ್ಕೆಂದರು. ಪ್ರಾರ್ಥನೆ ಹೇಳಲು ಬಾಯಿ ತೆರೆದವನು ಅವನೊಬ್ಬನೇ. ಪ್ರಭುವೇ, ಇವನಿಗೆ ನಿತ್ಯ ವಿಶ್ರಾಂತಿಯನ್ನು ಕೊಡು... ದನಿ ನಡುಗಲಿಲ್ಲ. ಹಿಂದಿನ ಬೆಂಚಿನಲ್ಲಿ ಪೆನ್ಸಿಲು ಕಾಗದದ ಮೇಲೆ ಸರ್ ಎಂದು ಸರಿದದ್ದು ಬಲಿಪೀಠದ ಬಳಿ ನಿಂತಿದ್ದ ಚಿಕ್ಕಪ್ಪನಿಗೂ ಕೇಳಿಸಿತು.

ಜನ ಹೊರಗೆ ಬಂದಾಗ ಆ ಮನುಷ್ಯ ಬಾಗಿಲಲ್ಲೇ ನಿಂತಿದ್ದ. ನಗುತ್ತಿದ್ದ.

"ಏನು ಪೀಪಾಯಿಯವರೇ, ಬದುಕಿರುವಾಗ್ಲೇ ನಿಮ್ಮನ್ನ ಕಳಿಸಿಬಿಟ್ರಲ್ಲ. ಸ್ಟೆಲ್ಮಾಖ್ ಅಂದ್ರೆ ನೀವೇ ತಾನೆ?"

ಚಿಕ್ಕಪ್ಪ ಅವಸರದಿಂದ, "ಪಾದ್ರಿಗಳಿಗೆ ಕಣ್ಣು..." ಎಂದರು.

"ನಿನ್ನನ್ನ ಕೇಳಲಿಲ್ಲ ತಾತ."

ಪೀಪಾಯಿಯವನು ಹೇಳಬೇಕಿದ್ದದ್ದು ಒಂದೇ ಮಾತು. ಹೌದು ಎಂದರೆ ಸಾಕಿತ್ತು. ಹೇಳಲೆಂದು ಬಾಯಿ ತೆರೆದದ್ದನ್ನು ಚಿಕ್ಕಪ್ಪ ನೋಡಿದರು. ಆಗ ಖಾಲಿಯಾದ ಇಗರ್ಜಿಯ ಒಳಗಿನಿಂದ, ಕಲ್ಲುಹಾಸಿನ ಮೇಲೆ... ಟಕ್... ಚಪ್. ಟಕ್... ಚಪ್. ಬಾಗಿಲವರೆಗೂ ಬಂದು ನಿಂತಿತು. ಕಾಯುತ್ತಿತ್ತು.

"ಅಲ್ಲ. ಸ್ಟೆಲ್ಮಾಖ್ ಸತ್ತು ಏಳು ವರ್ಷ ಆಯ್ತು. ನಾನು ಸೆವೆರಿನ್ ಕುರೆಕ್."

ಅಪೊಲೊನ್ಯಾ ಅವನ ಮುಖವನ್ನೇ ನೋಡಿದಳು.

"ಹಾಗಾದ್ರೆ ನಾನು ಯಾರ ಹೆಂಡ್ತಿ?"

"ನನ್ನವಳೇ ಕಣೇ. ಹೆಸರೊಂದು ಬೇರೆ."

ಕತ್ತಲಲ್ಲಿ ನಿಂತಿದ್ದ ಮೋಟಾರಿನ ದೀಪ ಹೊತ್ತಿತು. ಹತ್ತುವ ಮುನ್ನ ಸೆವೆರಿನ್ ಮಗುವಿನ ಹಣೆ ಮುಟ್ಟಿ ನೋಡಿದ. ಜ್ವರ ಬಿಟ್ಟು ತಣ್ಣಗಿತ್ತು.

ಆ ರಾತ್ರಿ ಮೊದಲ ಹಿಮ ಬಿತ್ತು. ಬೆಳಗ್ಗೆ ಚಿಕ್ಕಪ್ಪ ಅವಳ ಮನೆಗೆ ಹೋದಾಗ, ಅಂಗಳದಿಂದ ಬಾವಿಯವರೆಗೆ, ಬಾವಿಯಿಂದ ಕಾಡಿನ ದಾರಿಗೆ ಒಬ್ಬನೇ ನಡೆದ ಗುರುತು. ಎರಡೂ ಕಾಲಿಗೆ ಬೂಟು. ಅಟ್ಟ ಹತ್ತಿ ಸಣ್ಣ ಪೀಪಾಯಿಯನ್ನು ಇಳಿಸಿದರು. ಮುಚ್ಚಳದ ಮೊಳೆಗಳು ತುಕ್ಕು ಹಿಡಿದು ಹೊಡೆದಂತೆಯೇ ಇದ್ದವು. ಇಕ್ಕಳದಿಂದ ಕೀಳಬೇಕಾಯಿತು. ಒಳಗೆ ಏನೂ ಇರಲಿಲ್ಲ.

ಸೆವೆರಿನ್ ಹಿಂದಿರುಗಲಿಲ್ಲ. ಎಲ್ಲಿದ್ದಾನೆಂದು ಯಾರೂ ಹೇಳಲಿಲ್ಲ. ಎಷ್ಟೋ ಜನ ಸೆರೆಯಿಂದ ಬಿಡುಗಡೆಯಾಗಿ ಊರು ಸೇರಿದ ವರ್ಷವೂ ಅವನು ಬರಲಿಲ್ಲ. ಅಪೊಲೊನ್ಯಾ ಅವನ ಭಾನುವಾರದ ಬೂಟುಗಳನ್ನು ಬಾಗಿಲ ಹಿಂದೆ ಇಟ್ಟು, ಪ್ರತಿ ಶನಿವಾರ ಮಸಿ ಹಚ್ಚಿ ಉಜ್ಜುತ್ತಿದ್ದಳು. ನವೆಂಬರ್ ಬಂದಾಗ ಚಿಕ್ಕಪ್ಪ ಚೀಟಿ ಕೇಳಿದರೆ ತಲೆಯಾಡಿಸುತ್ತಿದ್ದಳು.

"ಬದುಕಿರೋವ್ರ ಹೆಸರು ಓದಿಸಬಾರ್ದು ಅಣ್ಣಾ."

ಹನ್ನೊಂದು ವರ್ಷ ಹೀಗೆಯೇ ಹೋಯಿತು. ಹನ್ನೆರಡನೆಯ ನವೆಂಬರಿನ ಒಂದು ಬೆಳಗ್ಗೆ ತಾನಾಗಿ ಬಂದು ಚೀಟಿ ಕೊಟ್ಟಳು. ಪೂರ್ತಿ ಹೆಸರು ಬರೆದಿದ್ದಳು.

"ಏನಾಯ್ತಮ್ಮ?"

"ನಿನ್ನೆ ನೀರು ಸೇದ್ತಿದ್ದೆ. ಹಿಂದಿನಿಂದ ಬಂದ. ಎರಡೂ ಬರಿಗಾಲು ಅಣ್ಣಾ. ಚಪ್... ಚಪ್. ಇನ್ನೂ ಓದ್ಲಿಲ್ವಾ, ಅಂತ ಕೇಳ್ದ."

ಆ ಸಂಜೆ ಓದಿದರು. ಹಿಂದಿನ ಬೆಂಚು ಖಾಲಿಯಿತ್ತು. ಅವಳು ಮನೆಗೆ ಹೋಗಿ ಅಗುಳಿ ಹಾಕಿ ಮಲಗಿದಳು. ಬೆಳಗ್ಗೆ ಎದ್ದಾಗ ಅಗುಳಿ ಹಾಕಿದಂತೆಯೇ ಇತ್ತು. ಬಾಗಿಲ ಹಿಂದಿನ ಬೂಟುಗಳು ಇದ್ದ ಜಾಗದಲ್ಲೇ ಇದ್ದವು. ಅಡಿಯ ಅಟ್ಟೆಯ ತುಂಬ ಕೆಂಪು ಜೇಡಿಮಣ್ಣು ಮೆತ್ತಿತ್ತು, ಇನ್ನೂ ಹಸಿ.

ನಮ್ಮ ಸೀಮೆಯೆಲ್ಲ ಮರಳುನೆಲ. ಕೆಂಪು ಜೇಡಿ ಎಲ್ಲಿ ಅಗೆದರೂ ಸಿಗುವುದಿಲ್ಲ. ಆ ಬೂಟುಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅವಳ ಮಗಳು ಇಟ್ಟುಕೊಂಡಿದ್ದಾಳೆ, ಮಣ್ಣು ಈಗಲೂ ಹಾಗೆಯೇ ಇದೆ. ದೇವರ ಮುಂದೆ ನಿಂತು ಬೇಕಾದರೂ ಹೇಳುತ್ತೇನೆ, ಇದು ನಡೆದದ್ದು.

ನೀವು ಇದನ್ನು ಇನ್ನೊಬ್ಬರಿಗೆ ಹೇಳಿ. ಊರಿನ ಹೆಸರು ಮರೆತರೂ ಪರವಾಗಿಲ್ಲ, ನನ್ನ ಹೆಸರು ಬೇಕಾಗಿಯೇ ಇಲ್ಲ. ಅವರಿಬ್ಬರ ಹೆಸರನ್ನು ಮಾತ್ರ ಅರ್ಧಕ್ಕೆ ಬಿಡಬೇಡಿ. ಬೊಗುಮಿಲ್ ಸ್ಟೆಲ್ಮಾಖ್. ಸೆವೆರಿನ್ ಕುರೆಕ್.