ಏರ್‌ಬಸ್ಸಿಗಿಂತ ಬೋಯಿಂಗ್ ಜೋರು

ಗುಲಬರ್ಗಾ ಬಸ್ ನಿಲ್ದಾಣದಲ್ಲಿ ಕಮಲಾಪುರದ ಬಸ್ಸಿಗೆ ನಿಂತಿದ್ದೆ. ಪಕ್ಕದಲ್ಲಿ ಹೂವಿನ ಹಾರಗಳ ಪುಟ್ಟಿ ಹಿಡಿದ ಮುದುಕರೊಬ್ಬರು. ಎಸ್‌ಟಿಡಿ ಬೂತಿನಲ್ಲಿ ಫೋನ್ ಮಾಡಿ ಬಂದ ದೌಲಪ್ಪ ಎಂಬವನನ್ನು ಅವರು ಕುಳಿತುಕೊಳ್ಳಲೂ ಬಿಡದೆ ಕೇಳಿದರು.

“ಲಂಡನ್ ಬಿಟ್ಟಾನಂತೇನು ನಮ್ಮ ಗುರುಲಿಂಗ?”

“ಹೊಂಟಾನ್ರೀ ಕಾಕಾ. ಏರ್‌ಬಸ್ ಹತ್ತತಾನಂತ.”

“ಅದು ಜೋರ್ ಹೋಗ್ತದೇನು?”

“ಬೋಯಿಂಗ್ ಜೋರ್ ರೀ. ಜಂಬೋ ಆಗಿದ್ರ ಅರ್ಧಾ ತಾಸು ಮೊದಲ ಬಾಂಬೆಕ್ಕ ಇಳೀತಿದ್ದ.”

“ಮತ್ತ ಅದನ್ನ ಯಾಕ ಹತ್ತಲಿಲ್ಲ? ಅಣ್ಣನ ಹೆಣ ಮುಂಜಾನಿಂದ ಕುಂದರಿಸೀವಿ. ನಾಳಿ ಹೊತ್ತು ಮುಳುಗೂದ್ರಾಗ ಮಣ್ಣು ಮಾಡಬೇಕಂತಾರ ಅಯ್ಯನೋರು.”

“ಏರ್‌ಬಸ್ಸಿಗೂ ನಾಕು ಇಂಜಿನ್ ಅದಾವ್ರೀ. ಈ ಕಡಿ ಬರೂಮುಂದ ಗಾಳಿ ಹಿಂದಿನಿಂದ ದೂಡ್ತದ.”

“ಗಾಳಿ ಮಾತು ಬಿಡು. ನಾಳಿ ಮಧ್ಯಾಹ್ನಕ್ಕ ಊರಾಗ ಇರ್ತಾನಿಲ್ಲೊ?”

ದೌಲಪ್ಪ ಬಸ್ಸು ಬರುವ ಕಡೆ ನೋಡಿದ.

“ನಾಡಿದ್ದು ಬರ್ತಾನ್ರೀ.”

“ಯಾಕ?”

“ಬಾಂಬೆದಾಗ ಒಂದಿನ ನಿಲ್ತಾನಂತ.”

“ಅಪ್ಪ ಸತ್ತಾಗ ಬಾಂಬೆದಾಗ ಏನದ ಅವಂದು? ನೀ ಫೋನಿನ್ಯಾಗ ಏನ್ ಹೇಳಿದಿ?”

“ನೀವು ಹೇಳಿದಂಗ ಹೇಳೀನ್ರೀ. ಸತ್ತ ಸುದ್ದಿ ಫೋನಿನ್ಯಾಗ ಹೇಳಬಾರದು ಅಂದ್ರಿ. ಅದಕ್ಕ, ನಿಮ್ಮಪ್ಪಗ ಲಕ್ವಾ ಹೊಡದದ, ಎದ್ದು ಓಡಾಡಾಕ ಆಗವಲ್ದು, ಬಾ ಅಂದೆ.”

ಬಸ್ಸು ಬಂತು. ಜನ ನುಗ್ಗಿದರು. ಮುದುಕರು ಪುಟ್ಟಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟರು, ಆದರೆ ಹತ್ತಲಿಲ್ಲ.

“ಹಂಗಾರ ಬಾಂಬೆದಾಗ ಯಾಕ ನಿಲ್ತಾನ?”

“ಅಪ್ಪಗ ಕುಂದ್ರಾಕ ಗಾಲಿ ಕುರ್ಚಿ ತರ್ತಾನಂತ ರೀ.”

ಹಿಂದಿನವರು ಬೈದರು. ಇಬ್ಬರೂ ಒಳಗೆ ಹೋದರು.