ಆರನೇ ನಂಬರ್ ಯಂತ್ರದ ಬಗ್ಗೆ ನನಗೆ ತಿಳಿದಿದ್ದುದು

ಶಾಂಭವಿ, 44 ವರ್ಷ, ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕಾರ್ಮಿಕರ ದೂರು ಆಲಿಸುವ ಅಧಿಕಾರಿ, ವಾಸ ಹುಣಸೂರು ಟೌನ್. ನಾನು ಈ ದಿನ ಖುದ್ದಾಗಿ ಠಾಣೆಗೆ ಬಂದು ತಿಳಿಸುವುದೇನೆಂದರೆ,

ಬಿಳಿಕೆರೆ ಸಮೀಪದ ಈ ಕಾರ್ಖಾನೆಯಲ್ಲಿ ಐದು ವರ್ಷಗಳಿಂದ ಇದ್ದೇನೆ. ಕಾರ್ಮಿಕರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಯಾರಿಗೂ ತಿಳಿಸಬಾರದು. ಜೀವಕ್ಕೆ ಅಪಾಯವಿದ್ದರೆ ತಿಳಿಸಲೇಬೇಕು. ಈ ನಿಯಮವನ್ನು ಪ್ರತಿ ತಿಂಗಳ ಸಭೆಯಲ್ಲಿ ನಾನೇ ಓದಿ ಹೇಳುತ್ತೇನೆ.

6.11.2025ರ ಗುರುವಾರ ಸಂಜೆ 4.10ಕ್ಕೆ, ರಟ್ಟು ಕತ್ತರಿಸುವ ಆರನೇ ನಂಬರ್ ಯಂತ್ರದ ಮಧುಶ್ರೀ, 29 ವರ್ಷ, ನನ್ನ ಕೊಠಡಿಗೆ ಬಂದರು. ಬ್ಲೇಡಿನ ಮುಂದಿರುವ ರಕ್ಷಣೆಯ ಜಾಲರಿ ಎತ್ತಿದರೆ ಯಂತ್ರ ತಾನಾಗಿ ನಿಲ್ಲಬೇಕು, ಆದರೆ ಕೆಲಸ ಬೇಗ ಸಾಗಲೆಂದು ಸೂಪರ್‌ವೈಸರ್ ಯತೀಶ್ ಹಾಗೆ ನಿಲ್ಲಿಸುವ ಸ್ವಿಚ್ಚಿಗೆ ತಂತಿ ಸುತ್ತಿಸಿದ್ದಾರೆ, ಈಗ ಜಾಲರಿ ಎತ್ತಿದರೂ ನಿಲ್ಲುವುದಿಲ್ಲ ಎಂದರು. ಹೆಸರು ಹೇಳದೆ ಮ್ಯಾನೇಜರ್‌ಗೆ ತಿಳಿಸಲೇ ಎಂದು ಕೇಳಿದೆ.

"ಬ್ಯಾಡ ಕಣಕ್ಕ. ಅದ್ರಲ್ಲಿ ಕೂರೋಳು ನಾನೊಬ್ಳೇ. ಮಿಷಿನ್ ನಂಬರ್ ಏಳುದ್ರೂ ನನ್ನೆಸ್ರು ಏಳ್ದಂಗೇ. ನಾಳೀಕೇ ಗೇಟಿಂದ ಆಚ್ಗಾಕ್ತಾರೆ. ನಾ ಉಸಾರಾಗಿರ್ತೀನಿ ಬುಡಿ" ಎಂದರು.

ನಾನು ಒಪ್ಪಿದೆ. ಅಪಾಯ ಅವರೊಬ್ಬರಿಗೇ, ಅದು ಅವರಿಗೆ ಗೊತ್ತಿದೆ ಎಂದುಕೊಂಡೆ. ಅವರು ರಜೆ ಹಾಕಿದ ದಿನ ಅಲ್ಲಿ ಯಾರು ಕೂರುತ್ತಾರೆಂದು ಕೇಳಲಿಲ್ಲ.

17.11.2025ರ ಸೋಮವಾರ ಮಗಳಿಗೆ ಜ್ವರವೆಂದು ಮಧುಶ್ರೀ ಬರಲಿಲ್ಲ. ಬೆಳಿಗ್ಗೆ 9.20ಕ್ಕೆ ಯತೀಶ್, ರಟ್ಟು ಹೊರುವ ಕೆಂಪಾಜಮ್ಮ, 51 ವರ್ಷ, ಇವರನ್ನು ಆ ಯಂತ್ರಕ್ಕೆ ಕೂರಿಸಿದರು. "ಆರ್ ವರ್ಸ ನಿಂತೇ ಸತ್ತೆ, ಇವತ್ ನಂಗೂ ಕುರ್ಚಿ ಬಂತು ಕಣ್ರೇ, ಮೇಡಂ ಅನ್ರೀ" ಎಂದು ಅವರು ನಗಾಡಿದರೆಂದು ಜೊತೆಯವರು ತಿಳಿಸಿದ್ದಾರೆ. 9.45ಕ್ಕೆ ಜಾಲರಿ ಎತ್ತಿದರೂ ಯಂತ್ರ ನಿಲ್ಲದೆ ಅವರ ಬಲಗೈ ಅದಕ್ಕೆ ಸಿಕ್ಕಿತು. ನನ್ನ ಕೊಠಡಿ ಅಲ್ಲಿಂದ ಮೂವತ್ತು ಅಡಿ. ಕೂಗು ಕೇಳಿದ ತಕ್ಷಣ ಯಾವ ಯಂತ್ರವೆಂದು ನನಗೆ ತಿಳಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ಕೈ ತೆಗೆದರು.

18.11.2025ರ ಬೆಳಿಗ್ಗೆ 8.30ಕ್ಕೆ ಮಧುಶ್ರೀ ನನ್ನ ಮನೆಗೆ ಬಂದು, "ಈಗ್ ಪೋಲೀಸ್ರಿಗೆ ಏಳಿ ಅಕ್ಕ, ನನ್ನೆಸ್ರೂ ಬರ್ಸಿ" ಎಂದು ಅತ್ತರು. ಅವರ ಒಪ್ಪಿಗೆಯಿಂದಲೇ ಇಲ್ಲಿ ಹೆಸರು ಹೇಳಿದ್ದೇನೆ.

ಅದೇ ದಿನ ಸಂಜೆ 5ಕ್ಕೆ ಆಸ್ಪತ್ರೆಗೆ ಹೋದೆ. ಕೆಂಪಾಜಮ್ಮ ಎಡಗೈಯಿಂದ ಸ್ಟೂಲ್ ತೋರಿಸಿ ಕೂರಿ ಎಂದರು, ಊಟವಾಯಿತೇ ಎಂದು ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ, "ಆ ಮಿಷಿನ್ ನಿಲ್ಲಕಿಲ್ಲ ಅಂತ ಒಬ್ರಿಗಾದ್ರೂ ಗೊತ್ತಿರ್ನಿಲ್ವಾ ಮೇಡಮ್ಮೋರೇ?" ಎಂದು ಕೇಳಿದರು.

ನಾನು ಅವರಿಗೆ ಉತ್ತರ ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ. ನನಗೆ ಹನ್ನೊಂದು ದಿನ ಮೊದಲೇ ಗೊತ್ತಿತ್ತು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಬಿಳಿಕೆರೆ
ದಿನಾಂಕ: 19.11.2025
ಸಹಿ: ಶಾಂಭವಿ